ಸಾಣಿಕಟ್ಟಾದ ಉಪ್ಪಿಗೆ ಎಷ್ಟು ರೋಲು ಬೇಕು?

ಪ್ರಶ್ನೆ: ಮನೆಯಲ್ಲಿ ಅಪ್ಪನ ಕಾಲದ ಯಾಶಿಕಾ ಮ್ಯಾಟ್ 124ಜಿ ಫಿಲಂ ಕ್ಯಾಮೆರಾ ಇದೆ. ರಿಪೇರಿ ಮಾಡಿಸಿದ್ದೇನೆ, ಶಟರ್ ಸರಿ ಇದೆ, ಬೆಳಕು ಅಳೆಯುವ ಮೀಟರ್ ಮಾತ್ರ ನಂಬಿಕೆಗೆ ಬರುತ್ತಿಲ್ಲ. ಈಗಿನ ಫಿಲಂ ಛಾಯಾಗ್ರಾಹಕರು ಮಾಡುವಂತೆ, ಸಾಣಿಕಟ್ಟಾದ ಉಪ್ಪಿನ ಆಗರವನ್ನೂ ಅಘನಾಶಿನಿ ಅಳಿವೆಯನ್ನೂ ಹಿಡಿದು ಒಂದು ವರ್ಷದ ಚಿತ್ರಸರಣಿ ಮಾಡಬೇಕೆಂದಿದೆ. ಅವರು ಇಂಥ ಕೆಲಸವನ್ನು ಹೇಗೆ ಕಟ್ಟುತ್ತಾರೆ? ಯಾವ ಫಿಲಂ, ಎಷ್ಟು ರೋಲು ತರಿಸಲಿ? ಮನೆಯಲ್ಲೇ ಡೆವಲಪ್ ಮಾಡಬಹುದೇ? ಕಳೆದ ಏಪ್ರಿಲ್‌ನಲ್ಲಿ ಎರಡು ರೋಲು ಮಾಡಿ ನೋಡಿದೆ. ಒಂದರ ನೆಗೆಟಿವ್ ದಟ್ಟ ಕಪ್ಪಾಗಿ ಬಂತು. ಇನ್ನೊಂದರಲ್ಲಿ ಉಪ್ಪಿನ ರಾಶಿ ಬೂದಿಯ ರಾಶಿಯಂತೆ ಕಂಡಿತು, ಮೇಲೆಲ್ಲ ಬಿಳಿ ಚುಕ್ಕೆ.
– ಕುಮಟಾ ತಾಲ್ಲೂಕಿನ ಓದುಗರು

ಉತ್ತರ: ಎಷ್ಟು ರೋಲು ಎಂಬಲ್ಲಿಂದಲೇ ಶುರು ಮಾಡೋಣ, ಉಳಿದ ಪ್ರಶ್ನೆಗಳೂ ಅದಕ್ಕೇ ಗಂಟು ಬಿದ್ದಿವೆ. ತಿಂಗಳಿಗೆ ಎರಡು, ವರ್ಷಕ್ಕೆ 24. ನಿಮ್ಮ ಕ್ಯಾಮೆರಾ 120 ಫಿಲಂನ ಒಂದು ರೋಲಿಗೆ 12 ಚೌಕ ಚಿತ್ರ ಕೊಡುತ್ತದೆ, ಅಂದರೆ ವರ್ಷದ ಕೊನೆಗೆ 288. ಅದರಲ್ಲಿ 24 ಗಟ್ಟಿಯಾಗಿ ನಿಂತರೆ ಸರಣಿ ಆಯಿತು. 50 ನಿಂತಿವೆ ಅನ್ನಿಸಿದರೆ ಆಯ್ಕೆ ಮಾಡುವಾಗ ಕೈ ಸಡಿಲ ಬಿಟ್ಟಿದ್ದೀರಿ ಎಂದರ್ಥ. ಸರಣಿಗೆ 24ಕ್ಕಿಂತ ಹೆಚ್ಚು ತರಿಸಬೇಡಿ ಎನ್ನುವುದು ದುಡ್ಡಿನ ಕಾರಣಕ್ಕಲ್ಲ. ಅಳಿವೆಯಲ್ಲಿ ಉಪ್ಪಿದೆ, ಉಪ್ಪುನೀರು ತಾಳುವ ಕಗ್ಗ ಭತ್ತವಿದೆ, ಬಳಚು ಎಂಬ ಚಿಪ್ಪುಮೀನು ಇದೆ, ಸಿಗಡಿ ಇದೆ, ಕಾಂಡ್ಲಾ ಕಾಡು ಇದೆ, ದೋಣಿ ಇದೆ. ಎಲ್ಲವನ್ನೂ ತೆಗೆದರೆ ಗೋಡೆ ಕ್ಯಾಲೆಂಡರ್ ಆಗುತ್ತದೆ, ಸರಣಿ ಆಗುವುದಿಲ್ಲ. ಏನನ್ನು ಬಿಡಬೇಕೆಂದು ರೋಲಿನ ಲೆಕ್ಕವೇ ನಿಮ್ಮಿಂದ ಕೇಳಿಸುತ್ತದೆ.

ಈಗಲೂ ಫಿಲಂನಲ್ಲಿ ದುಡಿಯುವವರ ಸರಣಿಗಳನ್ನು ಬಿಚ್ಚಿ ನೋಡಿದರೆ ತಳದಲ್ಲಿ ಒಂದು ನಿಯಮ ಕುಳಿತಿರುತ್ತದೆ. ಜಪಾನಿನ ಹಿರೋಶಿ ಸುಗಿಮೊಟೊ 1980ರಲ್ಲಿ ಸಮುದ್ರ ತೆಗೆಯಲು ಹಿಡಿದರು. 8 ಇಂಚು 10 ಇಂಚಿನ ಫಿಲಂ ಹಾಳೆ ಹಾಕುವ ದೊಡ್ಡ ಕ್ಯಾಮೆರಾ, ಕಪ್ಪುಬಿಳುಪು, ದಿಗಂತದ ಗೆರೆ ನಟ್ಟನಡುವೆ, ಮೇಲೆ ಬಾನು, ಕೆಳಗೆ ನೀರು. ದಡವಿಲ್ಲ, ದೋಣಿಯಿಲ್ಲ. ಸಮುದ್ರ ಬದಲಾದರೂ ಚೌಕಟ್ಟು ಬದಲಾಗದ ಕಾರಣ ನೋಡುವವರ ಕಣ್ಣು ಮಂಜು, ಅಲೆ, ಬೆಳಕಿನ ಸಣ್ಣ ಸಣ್ಣ ವ್ಯತ್ಯಾಸಕ್ಕೆ ಹೋಗಿ ನಿಲ್ಲುತ್ತದೆ. ಅಮೆರಿಕದ ಅಲೆಕ್ ಸಾಥ್ ಅದೇ ಅಳತೆಯ ಕ್ಯಾಮೆರಾ ಹೊತ್ತು ಮಿಸಿಸಿಪಿ ನದಿಯುದ್ದಕ್ಕೂ ತಿರುಗಿದರು. ಪುಸ್ತಕ 2004ರಲ್ಲಿ ಬಂತು. ತಮಾಷೆಯೆಂದರೆ ಅದರಲ್ಲಿ ನದಿ ಕಾಣುವುದು ಕಡಿಮೆ. ನದಿ ಬರೀ ದಾರ. ಪೋಣಿಸಿದ್ದು ದಡದ ಜನರನ್ನು, ಅವರ ಕೋಣೆಗಳನ್ನು, ಹಾಸಿಗೆಗಳನ್ನು.

ನಮ್ಮಲ್ಲಿ ಗೌರಿ ಗಿಲ್ 1999ರಿಂದ ರಾಜಸ್ಥಾನದ ಮರುಭೂಮಿಯ ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿದ್ದಾರೆ. ಆ ಸರಣಿಗೆ 2023ರಲ್ಲಿ ಛಾಯಾಗ್ರಹಣದ ಪ್ರಿ ಪಿಕ್ಟೆ ಪ್ರಶಸ್ತಿ ಬಂತು. ಅವರ ನಿಯಮ ಜಾಗಕ್ಕಿಂತ ಹೆಚ್ಚಾಗಿ ಸಂಬಂಧದ್ದು. 2003ರಲ್ಲಿ ಲೂಣಕರಣಸರದ ಬಾಲಿಕಾ ಮೇಳದಲ್ಲಿ ಡೇರೆಯೊಳಗೆ ತಾತ್ಕಾಲಿಕ ಸ್ಟುಡಿಯೋ ಮಾಡಿ, ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು ಎಂಬುದನ್ನು ಬಂದ ಹುಡುಗಿಯರಿಗೇ ಬಿಟ್ಟರು. ಫ್ರಾನ್ಸಿನ ವಸಂತ ಯೋಗನಂದನ್ 2013ರಲ್ಲಿ ಶುರು ಮಾಡಿ ರಾಮಾಯಣದ ಹಾದಿ ಹಿಡಿದು ಭಾರತ, ಶ್ರೀಲಂಕಾ ಸುತ್ತಿದರು; 2021ರ ಹೊತ್ತಿಗೆ ಏಳು ಪುಸ್ತಕ ಮುಗಿದವು. ಬಣ್ಣದ ಫಿಲಂ ಚಿತ್ರಗಳ ಜೊತೆಗೆ, ಕಪ್ಪುಬಿಳುಪು ಪ್ರಿಂಟಿನ ಮೇಲೆ ಕೈಯಿಂದ ಬಣ್ಣ ಹಾಕಿಸಿದ್ದೂ ಅದರಲ್ಲಿದೆ. ಕಥೆಯನ್ನೇ ಅಸ್ಥಿಪಂಜರ ಮಾಡಿಕೊಳ್ಳುವ ಈ ದಾರಿ ನಮ್ಮ ಜಿಲ್ಲೆಗೆ ಚೆನ್ನಾಗಿ ಒಗ್ಗುತ್ತದೆ. ಆತ್ಮಲಿಂಗದ ಕಥೆಯಲ್ಲಿ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಕಾರವಾರದ ಹತ್ತಿರದ ಶೇಜೇಶ್ವರ ಎಂದು ಐದು ಜಾಗ ಸಾಲಾಗಿ ಸಿಗುತ್ತವೆ. ಅದು ಬೇರೆಯೇ ಸರಣಿ, ಬೇರೆಯವರಾದರೂ ಮಾಡಲಿ.

ನಿಮಗೆ ಸೂಚಿಸುವ ನಿಯಮ ಇದು: ಅಮಾವಾಸ್ಯೆಗೆ ಒಂದು ರೋಲು, ಹುಣ್ಣಿಮೆಗೆ ಒಂದು ರೋಲು. ಆ ಎರಡು ಹೊತ್ತಿನಲ್ಲಿ ಭರತ ಅತಿ ಮೇಲೆ ಏರುತ್ತದೆ, ಇಳಿತ ಅತಿ ಕೆಳಗೆ ಹೋಗುತ್ತದೆ. ಅಳಿವೆಯ ಕೆಲಸಗಳೆಲ್ಲ ಅದಕ್ಕೇ ತಾಳ ಹಾಕಿಕೊಂಡಿವೆ. ಪ್ರತಿ ರೋಲಿನ ಮೊದಲ ಚಿತ್ರ ಒಂದೇ ಜಾಗದಿಂದ, ಒಂದೇ ಎತ್ತರದಿಂದ, ಒಂದೇ ದಿಕ್ಕಿಗೆ. ಉಳಿದ ಹನ್ನೊಂದು ಚಿತ್ರ ಆ ಜಾಗದಿಂದ ನೂರು ಹೆಜ್ಜೆಯೊಳಗೆ ಆ ದಿನ ಏನು ನಡೆದಿದೆಯೋ ಅದಕ್ಕೆ. ಮಳೆಗಾಲದಲ್ಲಿ ಪಾತಿಗಳು ನೀರಲ್ಲಿ ಮುಳುಗಿರುತ್ತವೆ. ಮಳೆ ಹೋದ ಮೇಲೆ ಬದು ಸರಿಮಾಡಿ, ನೆಲ ಗಟ್ಟಿ ಮಾಡಿ, ಉಪ್ಪುನೀರು ಬಿಟ್ಟು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿಗೆ ಗಟ್ಟಿಯಾಗಿಸಿ, ಹರಳು ಕಟ್ಟಿದ ಮೇಲೆ ಮರದ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಬೇಸಿಗೆಯ ಕೊನೆಗೆ ಬರುವ ಮಳೆಗೆ ಎಲ್ಲ ಮುಗಿಯುತ್ತದೆ. 24 ಬಾರಿ ಒಂದೇ ಮೂಲೆಯಲ್ಲಿ ನಿಂತರೆ ಈ ಚಕ್ರ ತಾನಾಗಿ ಚಿತ್ರಕ್ಕೆ ಬರುತ್ತದೆ, ನೀವು ವಿವರಿಸುವ ಕಷ್ಟ ತಪ್ಪುತ್ತದೆ. 1930ರಲ್ಲಿ ಅಂಕೋಲಾದಲ್ಲಿ ಉಪ್ಪಿನ ಕಾಯ್ದೆ ಮುರಿದ ಚರಿತ್ರೆಯನ್ನೂ ಚಿತ್ರದೊಳಗೆ ತುರುಕುವ ಆಸೆ ಬಂದೀತು. ಬೇಡ. ಅಡಿಬರಹದಲ್ಲಿ ಒಂದು ಸಾಲು ಸಾಕು.

ಒಂದೇ ಜಾಗ ಯಾಕೆ ಎಂದರೆ, ಕಾರವಾರದ ಕಾಳಿ ಸೇತುವೆಯನ್ನು ನೆನಪು ಮಾಡಿಕೊಳ್ಳಿ. ಹಳೆಯದು 2024ರ ಆಗಸ್ಟ್ 7ರಂದು ಕುಸಿದುಬಿತ್ತು. ಆ ದಿನ ಅದರ ಫೋಟೋ ತೆಗೆದವರು ನೂರಾರು. ಅದಕ್ಕೂ ಮೊದಲು ಸದಾಶಿವಗಡದ ಕಡೆಯ ಒಂದೇ ದಡದಿಂದ ತಿಂಗಳಿಗೆರಡು ಚಿತ್ರ ತೆಗೆದಿಟ್ಟವರಿದ್ದರೆ ಅವರ ಕೈಯಲ್ಲಿ ಈಗ ಏನಿರುತ್ತಿತ್ತು ಎಂದು ಯೋಚಿಸಿ.

ಜಾಗ ಗುರುತು ಮಾಡುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬದುವಿನ ಮೇಲೆ ಗೂಟ ನೆಟ್ಟರೆ ಮುಂದಿನ ದುರಸ್ತಿಯಲ್ಲಿ ಮಾಯವಾಗುತ್ತದೆ. ಕದಲದ ಚಿರೆಕಲ್ಲನ್ನೋ ತೂಬಿನ ಕಟ್ಟೆಯ ಮೂಲೆಯನ್ನೋ ಆಯ್ದುಕೊಳ್ಳಿ. ಟ್ರೈಪಾಡಿನ ಒಂದು ಕಾಲು ಯಾವಾಗಲೂ ಅಲ್ಲೇ. ನೆಲದಿಂದ ಲೆನ್ಸಿಗೆ ಎಷ್ಟು ಎತ್ತರ ಎಂದು ಟೇಪು ಹಿಡಿದು ಬರೆದಿಡಿ. ದೂರದ ಗುಡ್ಡದ ತುದಿ, ಒಂದು ತೆಂಗಿನ ಮರ, ಇಂಥ ಎರಡು ಸ್ಥಿರ ವಸ್ತು ಫೋಕಸಿಂಗ್ ಗಾಜಿನ ಮೇಲೆ ಎಲ್ಲಿ ಬೀಳುತ್ತವೆ ಎಂದು ಒಂದು ಕಾಗದದಲ್ಲಿ ಗೆರೆ ಎಳೆದು, ಆ ಕಾಗದವನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ನೆನಪಿಡಿ, ಈ ಕ್ಯಾಮೆರಾದ ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಗೆರೆಯನ್ನೂ ಕಂಡ ಹಾಗೆಯೇ ಎಳೆಯಿರಿ, ಮನಸ್ಸಿನಲ್ಲಿ ತಿರುಗಿಸಲು ಹೋಗಬೇಡಿ.

ಇನ್ನು ಕ್ಯಾಮೆರಾ. ಮೀಟರ್ ನಂಬಿಕೆಗೆ ಬರುತ್ತಿಲ್ಲ ಎಂದಿರಿ, ಸರಿಯಾಗಿಯೇ ಅನುಮಾನಿಸಿದ್ದೀರಿ. 124ಜಿ ಮೀಟರನ್ನು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಿ ಮಾಡಿದ್ದು. ಆ ಸೆಲ್ ಈಗ ತಯಾರಾಗುವುದಿಲ್ಲ. ಅಂಗಡಿಯಲ್ಲಿ ಅದೇ ಅಳತೆಯದು ಎಂದು ಕೊಡುವುದು 1.5 ವೋಲ್ಟಿನ ಆಲ್ಕಲೈನ್. ವೋಲ್ಟ್ ಹೆಚ್ಚಾದರೆ ಮುಳ್ಳು ಹೆಚ್ಚು ಏರುತ್ತದೆ, ಬೆಳಕು ಇರುವುದಕ್ಕಿಂತ ಜಾಸ್ತಿ ಇದೆ ಎಂದು ತೋರಿಸುತ್ತದೆ, ನೀವು ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಕಿರಿದು ಮಾಡುತ್ತೀರಿ. ಅದರ ಮೇಲೆ ಉಪ್ಪು. ಎದುರಿನಿಂದ ಬರುವ ಬೆಳಕನ್ನು ಅಳೆಯುವ ಯಾವ ಮೀಟರಾದರೂ ಎದುರಿಗಿರುವುದು ನಡು ಬೂದುಬಣ್ಣ ಎಂದು ತಿಳಿದೇ ಲೆಕ್ಕ ಹಾಕುತ್ತದೆ. ಉಪ್ಪಿನ ರಾಶಿಗೆ ಹಿಡಿದರೆ ಅದನ್ನೂ ಬೂದು ಮಾಡಿಬಿಡುತ್ತದೆ. ಎರಡು ತಪ್ಪೂ ಒಂದೇ ದಿಕ್ಕಿಗೆ. ನಿಮ್ಮ ಎರಡನೇ ರೋಲಿನ ಬೂದಿರಾಶಿ ಹುಟ್ಟಿದ್ದು ಹೀಗೆ. ಡೆವಲಪರ್‌ದು ಏನೂ ತಪ್ಪಿಲ್ಲ.

ಸೆಲ್ಲಿಗೆ ಪರಿಹಾರ ಮೆಡಿಕಲ್ ಶಾಪಿನಲ್ಲಿದೆ: ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್. 1.4 ವೋಲ್ಟು, ಹತ್ತಿರ ಹತ್ತಿರ ಸರಿ. ಗಾತ್ರ ಸಣ್ಣದು, ಸುತ್ತ ರಬ್ಬರ್ ಉಂಗುರ ಹಾಕಿ ಕೂರಿಸಬೇಕು. ಸ್ಟಿಕ್ಕರ್ ಕಿತ್ತು ಗಾಳಿ ತಾಗಿದ ಮೇಲೆ ಅದು ಕೆಲವು ವಾರ ಬಾಳುತ್ತದೆ ಅಷ್ಟೆ. ಕಿತ್ತ ತಾರೀಖನ್ನು ಮುಚ್ಚಳದೊಳಗೆ ಬರೆಯಿರಿ. ಅಷ್ಟೆಲ್ಲ ರಗಳೆ ಬೇಡವೆಂದರೆ ಮೀಟರನ್ನು ಮರೆತುಬಿಡಿ. ಉಪ್ಪಿನ ಆಗರದಂಥ ಬಯಲಿನಲ್ಲಿ ಹಳೆಯ ಲೆಕ್ಕವೇ ಸಾಕು. ನೆರಳು ಕತ್ತರಿಸಿದಂತೆ ಬೀಳುವ ಬಿಸಿಲಿಗೆ ಅಪರ್ಚರ್ ಎಫ್ 16, ಶಟರ್ ಫಿಲಂನ ವೇಗದಷ್ಟು, ಅಂದರೆ ಐಎಸ್‌ಒ 200 ಆದರೆ 1/250 ಸೆಕೆಂಡಿನ ಆಸುಪಾಸು. ನೆರಳಿನ ಅಂಚು ಮಸುಕಾಗಿದ್ದರೆ ಎಫ್ 11, ನೆರಳೇ ಕಾಣದ ಮೋಡಕ್ಕೆ ಎಫ್ 8, ಮಳೆ ಹೊತ್ತ ಕಪ್ಪು ಮೋಡಕ್ಕೆ ಎಫ್ 5.6. ಅನುಮಾನ ಬಂದರೆ ಬಿಸಿಲಿನಲ್ಲಿ ಅಂಗೈ ಚಾಚಿ ಅದಕ್ಕೆ ಮೀಟರ್ ಹಿಡಿದು, ಬಂದದ್ದಕ್ಕಿಂತ ಒಂದು ಸ್ಟಾಪ್, ಅಂದರೆ ಬೆಳಕು ದುಪ್ಪಟ್ಟಾಗುವಷ್ಟು ತೆರೆಯಿರಿ. ಉಪ್ಪಿಗೇ ಹಿಡಿಯಬೇಕಾಗಿ ಬಂದರೆ ಎರಡು ಸ್ಟಾಪ್ ತೆರೆಯಿರಿ. ನೆಗೆಟಿವ್ ಫಿಲಂ ಒಂದು ಸ್ಟಾಪ್ ಹೆಚ್ಚು ಬೆಳಕನ್ನು ನಗುನಗುತ್ತ ತಾಳುತ್ತದೆ. ಕಡಿಮೆಯಾದರೆ ನೆರಳಿನ ವಿವರ ಹೋದದ್ದು ಹೋಯಿತು, ಯಾವ ಕೆಮಿಕಲ್ಲೂ ಅದನ್ನು ತಂದುಕೊಡುವುದಿಲ್ಲ.

ನಿಮ್ಮ ಕ್ಯಾಮೆರಾದ ಇನ್ನೆರಡು ಸ್ವಭಾವ. ನೋಡುವ ಲೆನ್ಸ್ ಮೇಲೆ, ಚಿತ್ರ ತೆಗೆಯುವ ಲೆನ್ಸ್ ಕೆಳಗೆ. ದೂರದ ದೃಶ್ಯಕ್ಕೆ ಇದು ಲೆಕ್ಕಕ್ಕಿಲ್ಲ. ಒಂದು ಮೀಟರ್ ಹತ್ತಿರದ ಮುಖಕ್ಕೆ ಮಾತ್ರ ನೀವು ಕಂಡದ್ದರ ಮೇಲಂಚು ಕತ್ತರಿಸಿ ಹೋಗುತ್ತದೆ. ತಲೆಯ ಮೇಲೆ ಜಾಗ ಬಿಟ್ಟೇ ತೆಗೆಯಿರಿ. ಟ್ರೈಪಾಡ್ ಇದ್ದರೆ ಫೋಕಸ್ ಮಾಡಿದ ಮೇಲೆ ಎರಡು ಲೆನ್ಸುಗಳ ನಡುವಿನ ಅಂತರದಷ್ಟು ಕ್ಯಾಮೆರಾ ಎತ್ತಿ. ಇನ್ನೊಂದು ಒಳ್ಳೆಯ ಗುಣ: ನೀವು ತಲೆ ತಗ್ಗಿಸಿ ಗಾಜು ನೋಡುತ್ತಿರುವುದರಿಂದ ಎದುರಿನವರ ಮುಖಕ್ಕೆ ಏನನ್ನೋ ಗುರಿ ಹಿಡಿದಂತೆ ಆಗುವುದಿಲ್ಲ. ಉಪ್ಪು ಎಳೆಯುವ ಹೆಂಗಸರ ಮುಂದೆ ನಿಂತಾಗ ಇದರ ಬೆಲೆ ತಿಳಿಯುತ್ತದೆ.

ಉಪ್ಪುಗಾಳಿಗೆ ಕ್ಯಾಮೆರಾ ಒಡ್ಡಿದ ಪ್ರತಿ ಸಂಜೆ, ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆಯಿಂದ ಹೊರಮೈ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ಒಣ ಬಟ್ಟೆಯೊಂದನ್ನೇ ಹಾಕಿ ಉಜ್ಜಿದರೆ ಉಪ್ಪಿನ ಹರಳು ಲೆನ್ಸಿನ ಮೇಲೆ ಗೀರು ಎಳೆಯುತ್ತದೆ. ಹಿಂಬಾಗಿಲಿನ ಸ್ಪಂಜು ಜಿಗುಟಾಗಿದ್ದರೆ ಬದಲಾಯಿಸಿ. ಕರಾವಳಿಯ ಸೆಕೆಗೆ ಅದು ಡಾಂಬರಿನಂತೆ ಕರಗಿ ಬೆಳಕಿಗೆ ದಾರಿ ಮಾಡುತ್ತದೆ. ರೋಲು ಹಾಕುವುದು, ತೆಗೆಯುವುದು ನಿಮ್ಮ ಮೈಯ ನೆರಳಿನಲ್ಲಿ. ಮುಗಿದ ರೋಲನ್ನು ಬಿಗಿಯಾಗಿ ಸುತ್ತಿ ಪಟ್ಟಿ ಅಂಟಿಸಿ. ಸಡಿಲ ಸುತ್ತಿದರೆ ಬಯಲಿನ ಬೆಳಕು ಅಂಚಿನಿಂದ ಒಳಗೆ ನುಗ್ಗುತ್ತದೆ.

ಫಿಲಂ ಒಂದೇ ಇರಲಿ: ಇಲ್‌ಫರ್ಡ್ ಎಚ್‌ಪಿ5 ಪ್ಲಸ್, ಐಎಸ್‌ಒ 400. ಆಗರದ ಬಿಸಿಲಿಗೆ ಇದು ಸ್ವಲ್ಪ ಚುರುಕು ಅನ್ನಿಸಬಹುದು, ಆದರೆ ಆಷಾಢದ ಕತ್ತಲೆಗೆ 125ರ ಫಿಲಂ ಸಾಲುವುದಿಲ್ಲ. ಎರಡು ಬಗೆ ಫಿಲಂ ಬೆರೆಸಿದರೆ ವರ್ಷದ ಕೊನೆಗೆ ಪಕ್ಕಪಕ್ಕ ಇಟ್ಟ ಚಿತ್ರಗಳು ಬೇರೆ ಬೇರೆ ಊರಿನವರಂತೆ ಕಾಣುತ್ತವೆ. ಅದರ ಬದಲು ರೋಲಿಗೆ ರೋಲು ಹಣೆಪಟ್ಟಿ ಕಟ್ಟಿ. ‘ಬಿಸಿಲು’ ಎಂದರೆ ಫಿಲಂ 200 ಎಂದು ತಿಳಿದು ತೆಗೆಯುವುದು, ಡೆವಲಪ್ ಸಮಯ ಐದರಲ್ಲಿ ಒಂದು ಭಾಗ ಕಡಿಮೆ. ಉಪ್ಪಿನ ಹೊಳಪು ಸುಟ್ಟುಹೋಗುವುದಿಲ್ಲ, ನೆರಳಿನಲ್ಲಿ ಕೂತವರ ಮುಖವೂ ಉಳಿಯುತ್ತದೆ. ‘ಮೋಡ’ ಎಂದರೆ 400, ಸಮಯ ಇದ್ದಂತೆ. ‘ಮಳೆ’ ಎಂದರೆ 800, ಸಮಯ ಕಾಲುಭಾಗ ಹೆಚ್ಚು. ಒಂದು ರೋಲಿನ ಹನ್ನೆರಡೂ ಚಿತ್ರ ಒಂದೇ ನೀರಿನಲ್ಲಿ ತೊಳೆಯುವುದರಿಂದ ನಡುವೆ ಮನಸ್ಸು ಬದಲಾಯಿಸಬೇಡಿ. ಬಾನಿಗೆ ತೂಕ ಬೇಕಾದರೆ ಹಳದಿ ಫಿಲ್ಟರ್ ಹಾಕಿ ಒಂದು ಸ್ಟಾಪ್ ತೆರೆಯಿರಿ. ಕೆಂಪು ಫಿಲ್ಟರ್ ಮೂರು ಸ್ಟಾಪ್ ತಿನ್ನುತ್ತದೆ, ಬಾನನ್ನು ನಾಟಕದ ಪರದೆ ಮಾಡುತ್ತದೆ. ಈ ಸರಣಿಗೆ ಬೇಡ. ಬಣ್ಣದ ಫಿಲಂ ಆದರೆ ಡೆವಲಪರ್ 38 ಡಿಗ್ರಿಯಲ್ಲಿ ಮೂರೂಕಾಲು ನಿಮಿಷ, ಕಾಲು ಡಿಗ್ರಿಯೂ ಆಚೀಚೆ ಆಗಬಾರದು. ಅದನ್ನು ಲ್ಯಾಬಿಗೇ ಕಳಿಸಿ.

ಮನೆಯಲ್ಲಿ ಡೆವಲಪ್ ಮಾಡಬಹುದೇ? ಮಾಡಲೇಬೇಕು, ಅದರಲ್ಲೂ ಮಳೆಗಾಲದಲ್ಲಿ. 120 ಫಿಲಂ ಹಿಂಬದಿಗೆ ನಂಬರ್ ಅಚ್ಚಾದ ಕಾಗದವಿರುತ್ತದೆ. ಸೆಕೆ, ತೇವ ಎರಡೂ ಸೇರಿ ರೋಲು ವಾರಗಟ್ಟಲೆ ಕುಳಿತರೆ ಆ ನಂಬರು, ಕಾಗದದ ಮಚ್ಚೆ ಬಾನಿನ ಮೇಲೆ ಮೂಡಿಬಿಡುತ್ತವೆ. ತೆಗೆದ ವಾರದೊಳಗೆ ತೊಳೆದುಬಿಡಿ. ತೆಗೆಯದ ರೋಲುಗಳು ಫ್ರಿಜ್ಜಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಹೊರಡುವ ಎರಡು ತಾಸು ಮೊದಲು ಹೊರಗಿಡಿ. ತಣ್ಣಗಿರುವಾಗಲೇ ಪೊಟ್ಟಣ ಒಡೆದರೆ ಫಿಲಂ ಮೇಲೆ ನೀರು ಕೂರುತ್ತದೆ.

ನಿಮ್ಮ ಮೊದಲ ರೋಲು ಕಪ್ಪಾದದ್ದು ಸೆಕೆಯಿಂದ. ಡಬ್ಬಿಯ ಮೇಲಿನ ಸಮಯ 20 ಡಿಗ್ರಿಯ ನೀರಿಗೆ. ಏಪ್ರಿಲ್‌ನಲ್ಲಿ ನಮ್ಮ ಮೇಲಿನ ಟ್ಯಾಂಕಿಯ ನೀರು 30 ದಾಟಿರುತ್ತದೆ. ಅದರಲ್ಲಿ ಅಷ್ಟೇ ಹೊತ್ತು ಇಟ್ಟರೆ ಹೆಚ್ಚುಕಡಿಮೆ ದುಪ್ಪಟ್ಟು ಡೆವಲಪ್ ಆದಂತೆ. ಹಾಗೆಂದು 20 ಡಿಗ್ರಿಯ ಹಿಂದೆ ಬಿದ್ದು ಐಸ್ ಸುರಿಯುತ್ತ ಕೂರಬೇಡಿ. 24 ಡಿಗ್ರಿ ಇಲ್ಲಿಗೆ ಹದವಾದ ಗುರಿ. ಎಚ್‌ಪಿ5 ಪ್ಲಸ್ ಫಿಲಂಗೆ, ಸಮಪಾಲು ನೀರು ಬೆರೆಸಿದ ಡಿ-76 ಎಂಬ ಡೆವಲಪರ್‌ನಲ್ಲಿ, 20 ಡಿಗ್ರಿಗೆ 11 ನಿಮಿಷ ಇರುವುದು 24ಕ್ಕೆ ಸುಮಾರು ಏಳೂವರೆ ಆಗುತ್ತದೆ. ಅಂದರೆ ‘ಬಿಸಿಲು’ ರೋಲಿಗೆ 6, ‘ಮೋಡ’ಕ್ಕೆ ಏಳೂವರೆ, ‘ಮಳೆ’ಗೆ ಒಂಬತ್ತೂವರೆ. 5 ನಿಮಿಷಕ್ಕಿಂತ ಕೆಳಗೆ ಇಳಿಯಬೇಡಿ. ಸುರಿಯುವ, ಚೆಲ್ಲುವ ಹೊತ್ತಿನ ವ್ಯತ್ಯಾಸವೇ ಫಿಲಂ ಮೇಲೆ ಪಟ್ಟೆಯಾಗಿ ಕಾಣುತ್ತದೆ. ನೀರು ಬೆರೆಸಿ ಬಳಸುವುದೂ ಇದೇ ಕಾರಣಕ್ಕೆ, ಸಮಯ ಉದ್ದವಾಗಲಿ ಎಂದು. ಶಿರಸಿಯಲ್ಲಿ ಇದೇ ಕೆಲಸ ಮಾಡುವವರಿಗೆ ಡಿಸೆಂಬರ್ ರಾತ್ರಿಯಲ್ಲಿ ಉಲ್ಟಾ ತಾಪತ್ರಯ: ನೀರು ಕಾಯಿಸಿ ಬೆರೆಸಬೇಕಾಗುತ್ತದೆ.

ಡಿ-76 ಪುಡಿ ಸಿಕ್ಕರೆ ಸರಿ. ಸಿಗದಿದ್ದರೆ ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಿಂದ ತರಿಸಿ ಮನೆಯಲ್ಲೇ ಮಾಡಬಹುದು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. 50 ಡಿಗ್ರಿ ಬಿಸಿಯ 750 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್. ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ನಂತರ ಹೈಡ್ರೋಕ್ವಿನೋನ್, ಕೊನೆಗೆ ಬಿಳಿಗಾರ. ಈ ಅನುಕ್ರಮ ತಪ್ಪಿಸಬೇಡಿ: ಸಲ್ಫೈಟ್ ಪೂರ್ತಿ ಹಾಕಿದ ಮೇಲೆ ಮೆಟಾಲ್ ಸುರಿದರೆ ಅದು ಕರಗದೆ ಗಸಿಯಾಗಿ ಉಳಿಯುತ್ತದೆ. ಮೊದಲು ಹಾಕುವ ಚಿಟಿಕೆ ನೀರಿನಲ್ಲಿರುವ ಆಮ್ಲಜನಕವನ್ನು ಹಿಡಿದುಕೊಳ್ಳಲಿಕ್ಕೆ. ಅಂಗಡಿಯವರು ಸಲ್ಫೈಟ್ ಬದಲು ಬೈಸಲ್ಫೈಟ್ ಕೊಟ್ಟುಬಿಡುವುದುಂಟು, ಚೀಟಿ ಓದಿಯೇ ತೆಗೆದುಕೊಳ್ಳಿ. ಕೈಗೆ ಗ್ಲೌಸ್ ಇರಲಿ, ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಡುಗೆ ಪಾತ್ರೆ, ಸೌಟು ಯಾವುದನ್ನೂ ಇದಕ್ಕೆ ಮುಟ್ಟಬೇಡಿ.

ಆ ಒಂದು ಲೀಟರನ್ನು 250 ಮಿ.ಲೀ.ಯ ನಾಲ್ಕು ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿಸಿ ಮುಚ್ಚಿ. ಫಿಲಂ ತೊಳೆಯುವ ಪ್ಯಾಟರ್ಸನ್ ಟ್ಯಾಂಕಿನಲ್ಲಿ 120 ರೋಲೊಂದಕ್ಕೆ 500 ಮಿ.ಲೀ. ಬೇಕು: ಒಂದು ಬಾಟಲಿ ಡೆವಲಪರ್, ಒಂದು ಬಾಟಲಿ ನೀರು, ಮುಗಿದ ಮೇಲೆ ಚೆಲ್ಲುವುದು. ಹೀಗೆ ಒಂದು ಲೀಟರ್ ನಾಲ್ಕು ರೋಲಿಗೆ, ಅಂದರೆ ಎರಡು ತಿಂಗಳಿಗೆ ಸರಿಹೋಗುತ್ತದೆ. ಗಾಳಿ ಆಡದಂತೆ ತುಂಬಿದ ಬಾಟಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಅರ್ಧ ಖಾಲಿಯಾದ ದೊಡ್ಡ ಬಾಟಲಿ ಬೇಗ ಕಂದು ತಿರುಗುತ್ತದೆ.

ಫಿಲಂ ಅನ್ನು ಟ್ಯಾಂಕಿನೊಳಗಿನ ಸುರುಳಿ ಚಕ್ರಕ್ಕೆ, ಅಂದರೆ ಸ್ಪೈರಲ್‌ಗೆ, ಏರಿಸುವಾಗ ಕರಾವಳಿಯವರಿಗೆ ಬೇರೆಯೇ ಗೋಳು. ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗಿನೊಳಗೆ ಐದು ನಿಮಿಷ ಕೈ ಇಟ್ಟರೆ ಬೆವರಿಗೆ ಒಳಗೆಲ್ಲ ಆವಿ. ಫಿಲಂ ಮೆತ್ತಗಾಗಿ ಪ್ಲಾಸ್ಟಿಕ್ ಸ್ಪೈರಲ್‌ನ ನಡುವೆ ಕಚ್ಚಿಕೊಳ್ಳುತ್ತದೆ. ಒತ್ತಿದರೆ ಒಂದು ಸುತ್ತು ಇನ್ನೊಂದಕ್ಕೆ ಅಂಟಿ, ಅಂಟಿದ ಕಡೆ ಡೆವಲಪರ್ ಹೋಗದೆ ಹಾಲು ಬಿದ್ದಂಥ ಮಚ್ಚೆ ಉಳಿಯುತ್ತದೆ. ಸ್ಪೈರಲ್‌ಗೆ ಮೊದಲೇ ಹೇರ್ ಡ್ರೈಯರ್ ಹಿಡಿದು ಬಿಸಿಯಾಗಿ ಒಣಗಿಸಿ. ಬ್ಯಾಗಿಗಿಂತ ರಾತ್ರಿ, ದೀಪ ಆರಿಸಿದ ಕಿಟಕಿಯಿಲ್ಲದ ಕೋಣೆ ಒಳ್ಳೆಯದು. ಬಾಗಿಲ ಸಂದಿಗೆ ಕಂಬಳಿ ಒತ್ತಿ. ಕಚ್ಚಿಕೊಂಡರೆ ಬಲ ಹಾಕಬೇಡಿ, ಹಿಂದಕ್ಕೆ ಎಳೆದು ಮೂಲೆಯನ್ನು ಸ್ವಲ್ಪ ಮಡಿಸಿ ಮತ್ತೆ ತೂರಿಸಿ. ಹಾಳಾದ ರೋಲೊಂದನ್ನು ಹಗಲಲ್ಲಿ, ಕಣ್ಣು ಮುಚ್ಚಿಕೊಂಡು ಹತ್ತು ಬಾರಿ ಏರಿಸಿ ಅಭ್ಯಾಸ ಮಾಡಿ.

ದೊಡ್ಡ ಟಬ್ಬಿಗೆ ನೀರು ತುಂಬಿ, ಐಸ್ ಕಟ್ಟಿಸಿದ ಪ್ಲಾಸ್ಟಿಕ್ ಬಾಟಲಿ ತೇಲಿಬಿಟ್ಟು, ಡೆವಲಪರ್, ಚಿತ್ರವನ್ನು ಗಟ್ಟಿ ನಿಲ್ಲಿಸುವ ಫಿಕ್ಸರ್, ತೊಳೆಯುವ ನೀರು ಎಲ್ಲವನ್ನೂ ಅದರಲ್ಲಿಟ್ಟು 24ಕ್ಕೆ ತನ್ನಿ. ಐಸನ್ನು ಡೆವಲಪರ್‌ಗೇ ಹಾಕಿದರೆ ಅದು ತೆಳುವಾಗುತ್ತದೆ. ಡೆವಲಪರ್ ಸುರಿದ ತಕ್ಷಣ ಹತ್ತು ಸೆಕೆಂಡು ಟ್ಯಾಂಕನ್ನು ನಾಲ್ಕು ಬಾರಿ ಬೋರಲು ಮಾಡಿ, ಮೇಜಿಗೆ ಕುಟ್ಟಿ ಗುಳ್ಳೆ ಬಿಡಿಸಿ. ಆಮೇಲೆ ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡು ಹಾಗೆಯೇ. ಚೆಲ್ಲಿದ ಮೇಲೆ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಅರ್ಧ ನಿಮಿಷ. ಆಮೇಲೆ ರ‍್ಯಾಪಿಡ್ ಫಿಕ್ಸರ್, ಒಂದಕ್ಕೆ ನಾಲ್ಕು ಪಾಲು ನೀರು, 5 ನಿಮಿಷ. ಫಿಕ್ಸರ್‌ಗೆ ಜೀವ ಇದೆಯೇ ಎಂದು ತಿಳಿಯಲು ಹಾಳು ಫಿಲಂನ ಒಂದು ತುಂಡು ಅದ್ದಿ. ಹಾಲಿನ ಬಣ್ಣ ಹೋಗಿ ತಿಳಿಯಾಗಲು ಎಷ್ಟು ಹೊತ್ತು ಬೇಕೋ ಅದರ ದುಪ್ಪಟ್ಟು ಫಿಕ್ಸ್ ಮಾಡಬೇಕು. ತಿಳಿಯಾಗುವ ಹೊತ್ತು ಹೊಸದಾಗಿದ್ದಾಗಿನದರ ಎರಡರಷ್ಟಾದರೆ ಆ ಫಿಕ್ಸರ್ ಮುಗಿಯಿತು. ಅದನ್ನು ಬಾವಿ ಕಟ್ಟೆಗೋ ಗಜನಿ ಗದ್ದೆಗೋ ಚೆಲ್ಲಬೇಡಿ. ಕರಗಿದ ಬೆಳ್ಳಿ ಅದರಲ್ಲಿರುತ್ತದೆ. ಬಳಚಿನ ಚಿತ್ರ ತೆಗೆದು ಬಳಚಿಗೇ ವಿಷ ಹಾಕಿದಂತಾದೀತು. ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ತೆಗೆಯುವವರಿಗೆ ಕೊಡಿ.

ತೊಳೆಯಲು ಹರಿಯುವ ನೀರು ಬೇಕಿಲ್ಲ. ಟ್ಯಾಂಕು ತುಂಬಿಸಿ ಐದು ಬಾರಿ ಬೋರಲು, ನೀರು ಬದಲಿಸಿ ಹತ್ತು, ಮತ್ತೆ ಬದಲಿಸಿ ಇಪ್ಪತ್ತು. ನಿಮ್ಮ ಬಿಳಿ ಚುಕ್ಕೆಗಳ ಮೂಲ ಇಲ್ಲಿದೆ: ಬೇಸಿಗೆಯಲ್ಲಿ ಅಳಿವೆ ಬದಿಯ ಬಾವಿಗಳಿಗೆ ಉಪ್ಪು ಏರುತ್ತದೆ, ಫಿಲಂ ಮೇಲೆ ಆ ನೀರಿನ ಹನಿ ಒಣಗಿದರೆ ಉಪ್ಪು ಕಲೆಯಾಗಿ ನಿಂತು ಬೆಳಕು ತಡೆಯುತ್ತದೆ, ಚಿತ್ರದಲ್ಲಿ ಬಿಳಿ ಚುಕ್ಕೆ. ಕೊನೆಯ ನೀರು ಮಾತ್ರ ಡಿಸ್ಟಿಲ್ಡ್ ಇರಲಿ. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆಂದು ಮಾರುವುದೇ ಸಾಕು, ಆ್ಯಸಿಡ್ ಬೆರೆಸಿದ್ದಲ್ಲವೆಂದು ನೋಡಿಕೊಳ್ಳಿ. ಅರ್ಧ ಲೀಟರಿಗೆ ಫಿಲಂ ಮೇಲೆ ನೀರು ಹನಿಗಟ್ಟದಂತೆ ಮಾಡುವ ವೆಟಿಂಗ್ ಏಜೆಂಟ್ ಎರಡು ಮೂರು ಹನಿ, ಒಂದು ನಿಮಿಷ, ಅಲ್ಲಾಡಿಸದೆ. ಬೆರಳಲ್ಲಿ ಸವರಿ ನೀರು ಇಳಿಸಲು ಹೋಗಬೇಡಿ, ಗೀರು ಖಂಡಿತ. ಕ್ಲಿಪ್ ಹಾಕಿ ಬಚ್ಚಲಲ್ಲಿ ನೇತುಹಾಕಿ. ಫ್ಯಾನ್ ಬೇಡ, ಧೂಳು ಅಂಟುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿಯೇ ಹಿಡಿದೀತು, ಮುಟ್ಟದೆ ಬಿಡಿ.

ಒಣಗಿದ ನೆಗೆಟಿವ್ ಮೂರು ಮೂರು ಚಿತ್ರದ ನಾಲ್ಕು ಪಟ್ಟಿಯಾಗಿ ಕತ್ತರಿಸಿದರೆ ಒಂದು ರೋಲು 8 ಇಂಚು 10 ಇಂಚಿನ ಒಂದೇ ಹಾಳೆಗೆ ಕೂರುತ್ತದೆ. ಪಾಲಿಪ್ರೊಪಿಲೀನ್ ಚೀಲದಲ್ಲಿಡಿ, ಪಿವಿಸಿ ಅಂಟಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದಾಗ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ. ಅಕ್ಕಿ ಡಬ್ಬಿಯಲ್ಲಿ ಲೆನ್ಸ್ ಹೂಳುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅಕ್ಕಿಯ ಹುಡಿ ಬೂಷ್ಟಿಗೆ ಊಟ ಹಾಕುತ್ತದೆ.

ಆಯ್ಕೆಯ ವಿಷಯದಲ್ಲಿ ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ಕೆಲಸ ನೋಡಿ. 2022ರಲ್ಲಿ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಪಡೆದ ಅವರದೂ ಹೆಚ್ಚಾಗಿ ನಿಮ್ಮಂತೆಯೇ ಚೌಕ ಫಿಲಂ. ಒಮ್ಮೆ ಜೋಡಿಸಿದ್ದೇ ಅಂತಿಮ ಎಂಬುದು ಅವರಲ್ಲಿಲ್ಲ. ಹಳೆಯ ಚಿತ್ರಗಳನ್ನು ಬೇರೆ ಬೇರೆ ಸಾಲಿನಲ್ಲಿಟ್ಟು ಹೊಸ ಪುಸ್ತಕ, ಮರದ ಚೌಕಟ್ಟುಗಳ ‘ಮ್ಯೂಸಿಯಂ’ ಮಾಡುತ್ತಾರೆ. ನೀವೂ ಪ್ರತಿ ರೋಲಿಗೆ ಕಾಂಟ್ಯಾಕ್ಟ್ ಶೀಟ್, ಅಂದರೆ ಹನ್ನೆರಡೂ ಚಿತ್ರ ಒಟ್ಟಿಗೆ ಕಾಣುವ ಒಂದು ಹಾಳೆ ಮಾಡಿ. ಡಾರ್ಕ್‌ರೂಂ ಇಲ್ಲದಿದ್ದರೆ ಲೈಟ್ ಪ್ಯಾಡ್ ಮೇಲೆ ಪಟ್ಟಿಗಳನ್ನು ಹರಡಿ ಮೊಬೈಲಿನಲ್ಲಿ ತೆಗೆದು ಬಣ್ಣ ತಿರುಗಿಸಿದರೂ ಆಯ್ಕೆಗೆ ಸಾಕು. ತಿಂಗಳು ಕಳೆಯುವ ಮೊದಲು ಚಿತ್ರ ಆರಿಸಬೇಡಿ. ತೆಗೆದ ದಿನದ ಖುಷಿ ಚಿತ್ರದೊಳಗಿದೆಯೋ ನಿಮ್ಮ ತಲೆಯೊಳಗಿದೆಯೋ ಆಗ ಗೊತ್ತಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಅಂಗೈಯಗಲದ ಪ್ರಿಂಟ್ ಹಾಕಿಸಿ ಜಗಲಿಯ ಮೇಲೆ ಹರಡಿ. ಮೊದಲ ಚಿತ್ರಗಳ ಸಾಲು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಎರಡು ಸಾಲೂ ಒಂದನ್ನೇ ಹೇಳುತ್ತಿದ್ದರೆ ಜನರ ಚಿತ್ರ ಕಡಿಮೆಯಾಗಿದೆ ಎಂದು ಲೆಕ್ಕ.

ಆಗರ ಯಾರದೋ ದುಡಿಮೆಯ ಜಾಗ, ಬೀಚಲ್ಲ. ಮೊದಲ ಭೇಟಿಗೆ ಫಿಲಂ ಹಾಕದೆ ಹೋಗಿ, ಆಗರ ನೋಡಿಕೊಳ್ಳುವವರನ್ನು ಕಂಡು, ಅಮಾವಾಸ್ಯೆ ಹುಣ್ಣಿಮೆಗೆ ಬರುತ್ತೇನೆಂದು ಹೇಳಿ ಒಪ್ಪಿಗೆ ಪಡೆಯಿರಿ. ಹಸಿ ಪಾತಿಯೊಳಗೆ ಕಾಲಿಡಬೇಡಿ. ತುಳಿದ ನೆಲದ ಮಣ್ಣು ಉಪ್ಪಿಗೆ ಸೇರುತ್ತದೆ, ನಷ್ಟ ಅವರಿಗೆ. ಯಾರ ಮುಖ ತೆಗೆಯುತ್ತೀರೋ ಅವರಿಗೆ ಮುಂದಿನ ಬಾರಿ ಪ್ರಿಂಟ್ ಒಯ್ದು ಕೊಡಿ. ಎರಡನೇ ಪ್ರಿಂಟಿನ ಹೊತ್ತಿಗೆ ‘ನನ್ನದೊಂದು ತೆಗೆ’ ಎಂದು ಅವರೇ ಕರೆಯುತ್ತಾರೆ, ಹೇಗೆ ನಿಲ್ಲಬೇಕೆಂಬುದನ್ನೂ ಅವರಿಗೇ ಬಿಡಿ. ಸರಣಿಯನ್ನು ಉತ್ತರಕ್ಕೆ ಬೆಳೆಸುವ ಆಸೆ ಬಂದರೆ, ಕಾರವಾರದ ಅರ್ಗಾ, ಬಿಣಗಾ ಕಡೆಯ ನೌಕಾನೆಲೆಯ ಆಸುಪಾಸಿನಲ್ಲಿ, ಕೈಗಾ ಅಣುಸ್ಥಾವರದ ಬಳಿ ಕ್ಯಾಮೆರಾ ಹೊರತೆಗೆಯಲೇಬೇಡಿ. ಹಳೆಯ ಕ್ಯಾಮೆರಾ, ಫಿಲಂ ಎಂಬ ವಿವರಣೆಯನ್ನು ಅಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

24 ರೋಲಿನ ಜೊತೆಗೆ ಒಂದು ರೋಲು ಹೆಚ್ಚು ತರಿಸಿ. ಅದು ಪರೀಕ್ಷೆಗೆ. ಮಧ್ಯಾಹ್ನದ ಬಿಸಿಲಲ್ಲಿ ಉಪ್ಪಿನ ರಾಶಿ, ಪಕ್ಕದಲ್ಲಿ ಕಪ್ಪು ಕೊಡೆ ಹಿಡಿದ ಒಬ್ಬರನ್ನು ನಿಲ್ಲಿಸಿ, ಶಟರ್ 1/250ರಲ್ಲಿ ಎಫ್ 22, 16, 11, 8 ಹೀಗೆ ನಾಲ್ಕು ಚಿತ್ರ. ಇದನ್ನೇ ಮೂರು ಬಾರಿ ಮಾಡಿದರೆ ಹನ್ನೆರಡಾಯಿತು. ಕತ್ತಲೆಯಲ್ಲಿ ಆ ಫಿಲಂ ಮೂರು ತುಂಡು ಮಾಡಿ, 24 ಡಿಗ್ರಿಯಲ್ಲಿ ಒಂದೊಂದನ್ನು 6, ಏಳೂವರೆ, ಒಂಬತ್ತೂವರೆ ನಿಮಿಷ ತೊಳೆಯಿರಿ. ಕತ್ತರಿಸುವಾಗ ಒಂದೆರಡು ಚಿತ್ರ ನಡುವೆ ತುಂಡಾಗಬಹುದು, ಪರವಾಗಿಲ್ಲ. ಕೊಡೆಯ ಬಟ್ಟೆಯ ಮಡಿಕೆಯೂ ಉಪ್ಪಿನ ಹರಳೂ ಎರಡೂ ಕಾಣುವ ಚಿತ್ರ ಯಾವುದೋ, ಅದರ ಅಪರ್ಚರ್ ಮತ್ತು ನಿಮಿಷವನ್ನು ಕ್ಯಾಮೆರಾ ಚೀಲದ ಮುಚ್ಚಳದೊಳಗೆ ಬರೆದುಕೊಂಡು ಮುಂದಿನ ಅಮಾವಾಸ್ಯೆಗೆ ಹೊರಡಿ.